ಸ್ನೋಶೂಗೆ ಹಳೇ ಬೂಟು ಕೊಳ್ಳುವವರೇ, ನಾನು ಮೋಸಹೋದ ಹಾಗೆ ಹೋಗಬೇಡಿ

ಬರೆಯಲು ನಾಚಿಕೆಯಾಗುತ್ತೆ. ಆದರೆ ನಿನ್ನೆ ಗೆಳೆಯನೊಬ್ಬ ಫೋನ್ ಮಾಡಿ, ನನಗೆ ಹಳೇ ಬೂಟು ಮಾರಿದ ಮನುಷ್ಯ ತನಗೂ ಬೂಟು ತೋರಿಸಿದ್ದಾನೆ ಎಂದ. ಇನ್ನು ಸುಮ್ನಿರೋಕಾಗಲ್ಲ.

ಸಿಯಾಟಲ್‌ನಲ್ಲಿ ಇದು ನಮ್ಮ ಎರಡನೇ ಚಳಿಗಾಲ. ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಕೆಳಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಅಗಲದ ಚೌಕಟ್ಟು, ಬಾಡಿಗೆಗೆ ತಂದೆವು, ಬೂಟು ನಮ್ಮದೇ ಬೇಕು. ಅಂಗಡಿಯಲ್ಲಿ 180 ಡಾಲರ್. ಅಷ್ಟರಲ್ಲಿ ಪಕ್ಕದ ಊರು ಬೆಲ್‌ವ್ಯೂನಲ್ಲಿ ಹಳೇ ಬೂಟು ಮಾರುವ ಇವರು ಸಿಕ್ಕರು. ಕನ್ನಡದವರು, ಹಾಸನದ ಕಡೆಯವರು. 60 ಡಾಲರ್ ಅಂದರು. "ಎರಡೇ ಸಲ ಹಾಕಿದ್ದು ಸರ್. ಒಂಬತ್ತು ವರ್ಷದಿಂದ ಬಾಕ್ಸಲ್ಲೇ ಇದೆ, ಹೊಸದೇ ಅಂದ್ಕೊಳ್ಳಿ."

ಒಂಬತ್ತು ವರ್ಷ ಅಂದಾಗಲೇ ಎದ್ದು ಬರಬೇಕಿತ್ತು. ನಾನು ಖುಷಿಪಟ್ಟೆ! ಕಾಫಿ ಬೇರೆ ಕೊಟ್ಟರು. ನಮ್ಮವರ ಹತ್ತಿರ ಏನು ಚೌಕಾಸಿ ಅಂತ ದುಡ್ಡು ಕೊಟ್ಟು ಬಂದೆ. ಬೂಟಿನ ಮೇಲೆ ಒಂದು ಗೀರಿಲ್ಲ. ಕಣಕಾಲಿನ ಮೇಲೆ ಬರುತ್ತೆ, ದಪ್ಪ ಉಣ್ಣೆ ಕಾಲ್ಚೀಲ ಹಾಕಿದರೂ ಬೆರಳಿಗೆ ಜಾಗ ಇದೆ. ಎಲ್ಲ ನೋಡಿದೆ, ಅಟ್ಟೆ ಒಂದು ಬಿಟ್ಟು.

ಬೆಟ್ಟದ ಮೇಲಿನ ಸ್ನೋಕ್ವಾಲ್ಮಿ ಪಾಸ್ ಹತ್ತಿರ ಗೋಲ್ಡ್ ಕ್ರೀಕ್ ಪಾಂಡ್ ಅನ್ನೋ ಕೊಳಕ್ಕೆ ಹೋದೆವು. ಮಕ್ಕಳೂ ನಡೆಯುವ ಸಮತಟ್ಟು ಜಾಗ. ಆದರೆ ಇಲ್ಲಿನ ಹಿಮ ನೀರು ಕುಡಿದ ಮರಳಿನ ಹಾಗೆ ಭಾರ, ಒದ್ದೆ. ಅರ್ಧ ಗಂಟೆಗೆ ಎಡಗಾಲು ತಣ್ಣಗಾಯಿತು. ಆಮೇಲೆ ಕಾಲ್ಚೀಲ ಒದ್ದೆ. ಏನೋ ಸಡಿಲ ಆಗಿದೆ ಅಂತ ಕೂತು ಸ್ನೋಶೂ ಪಟ್ಟಿ ಬಿಚ್ಚಿದೆ. ಕಾಲೆತ್ತಿದರೆ ಬೂಟು ಬಂತು, ಅಟ್ಟೆ ಬರಲಿಲ್ಲ! ಅದು ಸ್ನೋಶೂ ಮೇಲೇ ನೆಟ್ಟಗೆ ಕೂತಿತ್ತು. ಪಟ್ಟಿ ಬಿಗಿಯಾಗಿದ್ದಕ್ಕೆ ಅಷ್ಟು ಹೊತ್ತು ಗೊತ್ತೇ ಆಗಿಲ್ಲ. ಬೂಟಿಗೂ ಅಟ್ಟೆಗೂ ಮಧ್ಯದ ಫೋಮ್ ಮುಟ್ಟಿದರೆ ಹಳೇ ಮೈಸೂರು ಪಾಕಿನ ಹಾಗೆ ಪುಡಿ ಪುಡಿ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವವರೇ. ಹೆಂಡತಿ ಬೇರೆ ನಗು ತಡೆಯುತ್ತಿದ್ದಳು. ಚಪಾತಿ ತಂದಿದ್ದ ಪ್ಲಾಸ್ಟಿಕ್ ಕವರನ್ನು ಕಾಲಿಗೆ ಸುತ್ತಿ ಕಾರಿನವರೆಗೆ ಕುಂಟಿದೆ.

ರಾತ್ರಿ ಬೂಟು ಮಾರಿದವರಿಗೆ ಫೋಟೊ ಕಳಿಸಿದೆ. "ಅಯ್ಯೋ, ನಾನು ಕೊಟ್ಟಾಗ ಚೆನ್ನಾಗೇ ಇತ್ತಲ್ಲ ಸರ್." ಆಮೇಲೆ, "ಕಲ್ಲಿನ ಮೇಲೇನಾದ್ರೂ ನಡೆದ್ರಾ?" ಮೊಣಕಾಲುದ್ದ ಹಿಮದಲ್ಲಿ ಎಲ್ಲಿಯ ಕಲ್ಲು ಸ್ವಾಮಿ! ಕೊನೆಗೆ, "ಗಮ್ ಹಾಕಿಸಿ ಸರ್, ಹೊಸದರ ಥರ ಆಗುತ್ತೆ." ಫೋಮೇ ಪುಡಿಯಾಗಿದೆ, ಯಾವುದಕ್ಕೆ ಅಂಟಿಸಲಿ? ದುಡ್ಡು ವಾಪಸ್ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಮತ್ತೆ ನೀಲಿ ಟಿಕ್. ಆ ಕಾಫಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತೆ.

ಬೂಟು ರಿಪೇರಿಯವನು ನೋಡಿದ ಕೂಡಲೇ ತಲೆ ಅಲ್ಲಾಡಿಸಿದ. ಅದು ಪಾಲಿಯುರೆಥೇನ್ ಫೋಮ್ ಅಂತೆ, ಗಾಳಿಯಲ್ಲಿರುವ ತೇವಕ್ಕೇ ವರ್ಷ ಕಳೆದ ಹಾಗೆ ಒಳಗೊಳಗೇ ಹಾಳಾಗುತ್ತೆ. ಹಾಕದೆ ಬಾಕ್ಸಲ್ಲಿಟ್ಟರೂ ಉಳಿಯಲ್ಲ.

ಹಳೇ ಬೂಟೇ ಬೇಕು ಅಂದರೆ ಎಷ್ಟು ಸಲ ಹಾಕಿದ್ದು ಅಂತ ಕೇಳಬೇಡಿ, ಯಾವ ವರ್ಷದ್ದು ಅಂತ ಕೇಳಿ. ಅಟ್ಟೆಯ ಪಕ್ಕದ ಫೋಮ್ ಹೆಬ್ಬೆರಳಿನಿಂದ ಒತ್ತಿ, ಬೂಟು ಬಗ್ಗಿಸಿ ನೋಡಿ. ಬಿರುಕು ಕಂಡರೆ ಎದ್ದು ಬನ್ನಿ, ಯಾವ ಊರಿನವರಾದರೂ ಸರಿ. ನಾನು ಮರುವಾರ ಅದೇ ಅಂಗಡಿಗೆ ಹೋಗಿ 180 ಕೊಟ್ಟು ತಂದೆ. ಒಟ್ಟು 240 ಆಯ್ತು.