ಶ್ರೀಲಂಕಾ, ನೇಪಾಳ, ಭೂತಾನ್: ಉಡುಪಿಯವರು ಮೊದಲು ಎಲ್ಲಿಗೆ ಹೋಗಬೇಕು?

ನಮ್ಮ ಬೀದಿಯಲ್ಲಿ ಯಾರಿಗಾದರೂ ಹೊಸ ಪಾಸ್‌ಪೋರ್ಟ್ ಬಂದರೆ ಮೊದಲು ನಮ್ಮ ಮನೆಯ ಗೇಟು ತೆಗೆಯುತ್ತಾರೆ. ಈ ಮೂರು ದೇಶಗಳಿಗೂ ನಾನು ಹೋಗಿ ಬಂದಿದ್ದೇನೆ, ಮೂರು ಸಲವೂ ಅಮ್ಮ ಜೊತೆಗಿದ್ದರು. ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಒಂದಕ್ಕೇ ಹೋಗುವುದಾದರೆ ಯಾವುದು?" ನನ್ನ ಉತ್ತರ ನೇಪಾಳ. ಅದೂ ಕಾಠ್ಮಂಡುವಿಗೆ ಮಾತ್ರ ಹೋಗಿ ಬರುವುದಲ್ಲ, ಹಿಮಾಲಯದ ಮುಕ್ತಿನಾಥ ಕ್ಷೇತ್ರದವರೆಗೆ. ಯಾಕೆ ಅಂತ ಹೇಳುತ್ತೇನೆ, ಆದರೆ ಮೊದಲು ಶ್ರೀಲಂಕಾದ ಮಾತು, ಯಾಕೆಂದರೆ ನಮ್ಮವರು ಹೆಚ್ಚಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ, ಮತ್ತು ಶುರುವಿನಲ್ಲೇ ಒಂದು ತಪ್ಪು ಮಾಡುತ್ತಾರೆ.

ಆ ತಪ್ಪು ನಾವೂ ಮಾಡಿದೆವು. ಏಜೆಂಟರು ಕೊಟ್ಟ ಪ್ಯಾಕೇಜನ್ನು ಹಾಗೇ ತೆಗೆದುಕೊಂಡೆವು. ಆರು ರಾತ್ರಿಯಲ್ಲಿ ಎರಡು ರಾತ್ರಿ ಬೆಂಟೋಟದ ಬೀಚಿನಲ್ಲಿ. ತೆಂಗಿನ ಮರ, ಮರಳು, ಸಂಜೆಯ ಸೂರ್ಯ, ಮೀನಿನ ದೋಣಿ. ಅಮ್ಮ ಹತ್ತು ನಿಮಿಷ ಸುಮ್ಮನೆ ಕೂತು ಹೇಳಿದರು, "ಇದನ್ನು ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ತಿ? ಮಲ್ಪೆಗೆ ಹೋದ್ರೆ ಸಾಕಿತ್ತಲ್ವಾ?" ನಿಜವೇ. ಬೆಂಟೋಟ ಚೆಂದವಿಲ್ಲ ಅಂತಲ್ಲ. ದೆಹಲಿಯಿಂದ ಬಂದವರಿಗೆ ಅದು ಸ್ವರ್ಗ. ಆದರೆ ಕಾಪು ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದವರು ಆ ಎರಡು ರಾತ್ರಿಯನ್ನು ಸಿಗಿರಿಯಾದ ಕಡೆಗೋ ಬೆಟ್ಟದ ಕಡೆಗೋ ಹಾಕಿಕೊಳ್ಳಬೇಕು. ಏಜೆಂಟರಿಗೆ ಮೊದಲೇ ಹೇಳಿದರೆ ಬದಲಾಯಿಸಿ ಕೊಡುತ್ತಾರೆ. ಸಮುದ್ರ ಬೇಕೇ ಬೇಕೆಂದರೆ ಗಾಲೆಗೆ ಹೋಗಿ. ಪೋರ್ಚುಗೀಸರು ಶುರು ಮಾಡಿ ಡಚ್ಚರು ದೊಡ್ಡದು ಮಾಡಿದ ಕೋಟೆ ಅಲ್ಲಿದೆ, ಒಳಗೆ ಇವತ್ತಿಗೂ ಜನ ವಾಸ ಮಾಡುತ್ತಾರೆ. ಅದರ ಗೋಡೆಯ ಮೇಲೆ ನಡೆಯುವ ಸಂಜೆ ಬೇರೆಯೇ.

ಸಿಗಿರಿಯಾ ನನಗೆ ಬಹಳ ಹಿಡಿಸಿತು. ಸುತ್ತ ಕಾಡು, ನಡುವೆ ಒಂಟಿ ಬಂಡೆ, ಅದರ ನೆತ್ತಿಯ ಮೇಲೆ ಐದನೇ ಶತಮಾನದ ರಾಜ ಕಾಶ್ಯಪನ ಅರಮನೆ. ಸುಮಾರು 1,200 ಮೆಟ್ಟಿಲು. ಕೊನೆಯ ಹತ್ತುವಿಕೆ ಶುರುವಾಗುವಲ್ಲಿ ಇಟ್ಟಿಗೆಯ ಎರಡು ದೊಡ್ಡ ಸಿಂಹದ ಪಂಜಗಳಿವೆ. ಮೇಲಿನ ಸಿಂಹ ಯಾವತ್ತೋ ಬಿದ್ದುಹೋಗಿದೆ. ಬಂಡೆಯ ಮೇಲೆ ಬರೆದ ಹಳೆಯ ಚಿತ್ರಗಳಿಗಿಂತಲೂ ನನ್ನನ್ನು ನಿಲ್ಲಿಸಿದ್ದು ಅಲ್ಲಿನ ಕನ್ನಡಿ ಗೋಡೆ, ಅಂದರೆ ಹಿಂದೆ ಹೊಳೆಯುವ ಹಾಗೆ ನುಣುಪು ಮಾಡಿದ್ದ ಗೋಡೆ. ಸಾವಿರ ವರ್ಷದ ಹಿಂದೆ ಬಂಡೆ ನೋಡಲು ಬಂದವರು ಅದರ ಮೇಲೆ ಸಿಂಹಳದಲ್ಲಿ ಪದ್ಯ ಕೆತ್ತಿ ಹೋಗಿದ್ದಾರೆ. ಅಂಥ 685 ಪದ್ಯಗಳನ್ನು ಪರಣವಿತಾನ ಎಂಬ ವಿದ್ವಾಂಸರು ಓದಿ 1956ರಲ್ಲಿ ಪ್ರಕಟಿಸಿದರು. ಆಗಲೂ ಜನ ಸುಮ್ನೆ ಊರು ನೋಡಲಿಕ್ಕೆ ಅಷ್ಟು ದೂರ ನಡೆದು ಬರುತ್ತಿದ್ದರು ಅಂತ ಯೋಚಿಸಿದರೆ ಖುಷಿಯಾಗುತ್ತದೆ. ಭಾರತದ ಪಾಸ್‌ಪೋರ್ಟ್ ತೋರಿಸಿದರೆ ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ಒಕ್ಕೂಟದ ದೇಶದವರ ಲೆಕ್ಕದಲ್ಲಿ ಟಿಕೆಟ್ ಕಡಿಮೆಗೆ ಸಿಗುತ್ತದೆ, ಹಾಗಾಗಿ ಅದನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಬೆಳಿಗ್ಗೆ ಬೇಗ ಹತ್ತಿ. ದಾರಿಯಲ್ಲಿ ಕಣಜದ ಗೂಡುಗಳಿವೆ, ಗಲಾಟೆ ಮಾಡಬೇಡಿ ಅಂತ ಬೋರ್ಡೇ ಇದೆ.

ಊಟದಲ್ಲಿ ಶ್ರೀಲಂಕಾವನ್ನು ಉಳಿದೆರಡು ಮುಟ್ಟಲಾರವು. ಕ್ಯಾಂಡಿಯಲ್ಲಿ ನಾವು ಉಳಿದ ಮನೆಯ ಹೆಂಗಸು ಮಧ್ಯಾಹ್ನ ಕೆಂಪಕ್ಕಿ ಅನ್ನಕ್ಕೆ ಒಂದು ಹಸಿರು ಪಲ್ಯದಂಥದ್ದು ಬಡಿಸಿದರು. ಅಮ್ಮ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. "ಇದು ನಮ್ಮ ತಿಮರೆ!" ಹೌದು, ಗೊಟುಕೊಲ ಅಂತ ಅವರು ಕರೆಯುವುದು ನಮ್ಮ ಒಂದೆಲಗವನ್ನೇ. ನಾವು ತೆಂಗಿನಕಾಯಿ ಹಾಕಿ ಚಟ್ನಿ ರುಬ್ಬುತ್ತೇವೆ, ಮಜ್ಜಿಗೆ ಹಾಕಿ ತಂಬುಳಿ ಮಾಡುತ್ತೇವೆ. ಅವರು ಸಣ್ಣಗೆ ಹೆಚ್ಚಿ, ತೆಂಗಿನ ತುರಿ, ಈರುಳ್ಳಿ, ನಿಂಬೆರಸ ಹಾಕಿ ಹಸಿಯಾಗಿಯೇ ಕಲಸುತ್ತಾರೆ. ಗುಜ್ಜೆಗೆ ಅಲ್ಲಿ ಪೊಲೊಸ್ ಅನ್ನುತ್ತಾರೆ, ನಮ್ಮ ಒತ್ತು ಶ್ಯಾವಿಗೆಯೇ ಅವರ ಇಡಿಯಪ್ಪ. ಆ ಹೆಂಗಸಿಗೆ ಕನ್ನಡ ಬಾರದು, ಅಮ್ಮನಿಗೆ ಸಿಂಹಳ ಬಾರದು, ಆದರೆ ಅಡುಗೆಮನೆಯಲ್ಲಿ ಇಬ್ಬರೂ ಒಂದು ಗಂಟೆ ನಿಂತು ಮಾತಾಡಿದರು. ಸಿಂಹಳದಲ್ಲೂ ಅಮ್ಮನಿಗೆ ಅಮ್ಮಾ ಎಂದೇ ಹೇಳುವುದು. ಸಸ್ಯಾಹಾರಿಗಳಿಗೆ ಒಂದು ಮಾತು: ತೆಂಗಿನ ಸಂಬೋಲದಲ್ಲಿ, ಅಂದರೆ ಅವರ ಕಾಯಿ ಚಟ್ನಿಯಂಥದ್ದರಲ್ಲಿ, ಉಂಬಲಕಡ ಅಂತ ಒಣಮೀನಿನ ಪುಡಿ ಹಾಕುವುದು ಜಾಸ್ತಿ. ಅದು ಬೇಡ ಅಂತ ಮೊದಲೇ ಬಿಡಿಸಿ ಹೇಳಿ.

ಕ್ಯಾಂಡಿಯ ದಂತ ದೇವಾಲಯಕ್ಕೆ ಪೂಜೆಯ ಹೊತ್ತಿಗೇ ಹೋಗಿ. ಬುದ್ಧನ ಹಲ್ಲು ಕಾಣುವುದಿಲ್ಲ, ಅದನ್ನಿಟ್ಟ ಚಿನ್ನದ ಕರಂಡಕ ಕಾಣುತ್ತದೆ. ಕಾಯುತ್ತಾ ನಿಂತಾಗ ಕೆಳಗೆ ಬಾರಿಸುವ ಚೆಂಡೆಯಂಥ ವಾದ್ಯದ ಸದ್ದು ಎದೆಗೆ ಬಡಿಯುತ್ತದೆ. ಭುಜ, ಮಂಡಿ ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ತಪ್ಪು. ಅಲ್ಲಿಂದ "ಎಲ್ಲಾ" (Ella) ಎಂಬ ಹೆಸರಿನ ಊರಿಗೆ ಚಹಾ ತೋಟಗಳ ನಡುವೆ ಹೋಗುವ ರೈಲನ್ನು ಎಲ್ಲರೂ ಹೊಗಳುತ್ತಾರೆ. ಒಳ್ಳೆಯದೇ, ಆದರೆ ಸುಬ್ರಹ್ಮಣ್ಯ–ಸಕಲೇಶಪುರದ 57 ಸುರಂಗಗಳ ಘಾಟಿಯನ್ನು ಮಳೆಗಾಲದಲ್ಲಿ ಹಗಲು ರೈಲಿನಿಂದ ನೋಡಿದವರಿಗೆ ಬಾಯಿ ಬಿಡುವಷ್ಟಲ್ಲ. ಗುಡ್ಡ ಕುಸಿದರೆ ಶ್ರೀಲಂಕಾದ ಆ ರೈಲು ನಿಂತುಹೋಗುತ್ತದೆ, ಹೊರಡುವ ಮೊದಲು ಕೇಳಿಕೊಳ್ಳಿ. ನಮ್ಮ ಡ್ರೈವರ್ ಮಾತ್ರ ಮಸಾಲೆ ತೋಟ, ರತ್ನದ ಅಂಗಡಿ ಅಂತ ಅರ್ಧ ದಿನ ಕಳೆದುಬಿಟ್ಟ. ಮೆಣಸು, ಏಲಕ್ಕಿ, ಜಾಯಿಕಾಯಿ ನಮ್ಮ ಹಿತ್ತಿಲಲ್ಲೇ ಇಲ್ವಾ? ಬೇಡ ಅಂತ ಖಡಾಖಂಡಿತವಾಗಿ ಹೇಳಿಬಿಡಿ.

ಇನ್ನು ನೇಪಾಳ. ಕಾಠ್ಮಂಡುವಿನ ಮೊದಲ ದಿನ ನನಗೆ ಇಷ್ಟವಾಗಲಿಲ್ಲ. ಧೂಳು, ಹೊಗೆ, ಬೈಕಿನ ಹಾರನ್. ಶ್ರೀಲಂಕಾದ ಬೀದಿಗಳ ಚೊಕ್ಕತನ ನೋಡಿ ಬಂದವರಿಗೆ ಬೇಸರವಾಗುತ್ತದೆ. ಆದರೆ ಎರಡನೇ ದಿನದಿಂದ ಊರು ಬಿಚ್ಚಿಕೊಳ್ಳುತ್ತದೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು, ಇದು ಬಹಳ ಹಿಂದಿನಿಂದ ನಡೆದು ಬಂದ ಪದ್ಧತಿ. ಅಷ್ಟು ದೂರದ ಬಾಗಮತಿ ದಡದಲ್ಲಿ ನಮ್ಮ ಕಡೆಯ ಭಟ್ಟರು ಪಂಚಮುಖಿ ಲಿಂಗಕ್ಕೆ ಆರತಿ ಎತ್ತುವಾಗ ಅಮ್ಮನ ಕಣ್ಣು ತುಂಬಿತು. ಪಕ್ಕದ ಊರು ಪಾಟನ್‌ನಲ್ಲಿ 1637ರಲ್ಲಿ ಕಟ್ಟಿದ ಕೃಷ್ಣ ಮಂದಿರವಿದೆ. ಪೂರ್ತಿ ಕಲ್ಲಿನದು, ಇಪ್ಪತ್ತೊಂದು ಶಿಖರ, ಸುತ್ತ ಮಹಾಭಾರತ, ರಾಮಾಯಣದ ಕೆತ್ತನೆ. ದಿನಾ ರಥಬೀದಿಯಲ್ಲಿ ಓಡಾಡುವವರು ಅದನ್ನು ತಪ್ಪಿಸಬಾರದು. ಭಕ್ತಪುರದ ನ್ಯಾತಪೋಲ ಐದು ಮಾಡುಗಳ ಗುಡಿ, 1702ರದ್ದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಕ್ಕದ ಎಷ್ಟೋ ಗುಡಿ ಬಿದ್ದರೂ ಅದು ನಿಂತಿತು. ಒಂದರ ಮೇಲೊಂದು ಇಳಿಜಾರು ಮಾಡು ನೋಡಿದ ಕೂಡಲೇ ನನಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆನಪಾಯಿತು. ಆ ಚೌಕದಲ್ಲಿ ಕೂತು ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು ತಿನ್ನಿ. ಜುಜು ಧೌ, ಅಂದರೆ ಮೊಸರುಗಳ ರಾಜ. ಸ್ವಲ್ಪ ಸಿಹಿ, ಮೇಲೆ ದಪ್ಪ ಕೆನೆ.

ಮುಕ್ತಿನಾಥದ ದಾರಿಯಲ್ಲಿ ಪೋಖರಾದಿಂದ ಜೋಮ್ಸೋಮ್‌ಗೆ ಸಣ್ಣ ವಿಮಾನ ಬೆಳಗ್ಗೆ ಮಾತ್ರ ಹಾರುತ್ತದೆ, ಮಧ್ಯಾಹ್ನದ ಮೇಲೆ ಆ ಕಣಿವೆಯಲ್ಲಿ ಗಾಳಿ ಜೋರು. ನಮ್ಮದು ಮೋಡದಿಂದ ರದ್ದಾಯಿತು. ಜೀಪು ಹಿಡಿದೆವು, ಇಡೀ ದಿನದ ದಾರಿ, ಎಲುಬು ಅಲ್ಲಾಡುವ ರಸ್ತೆ. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳದೆ ಅಲ್ಲಿಗೆ ಹೊರಡಬೇಡಿ. ಆದರೆ ಒಂದು ಕಡೆ 8,167 ಮೀಟರಿನ ಧೌಲಾಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ, ನಡುವೆ ಕಾಳಿ ಗಂಡಕಿ ಹರಿಯುವುದನ್ನು ಕಂಡ ಮೇಲೆ ಜೀಪಿನ ನೋವು ಮರೆತುಹೋಯಿತು.

ಅದೇ ದಾರಿಯ ಊರು ಕಾಗಬೇನಿಯಲ್ಲಿ ನದಿಯ ಪಾತ್ರಕ್ಕೆ ಇಳಿದೆವು. ಅಗಲವಾದ ಬೂದು ಕಲ್ಲುಗಳ ಬಯಲು, ತಣ್ಣನೆ ಗಾಳಿ. ಅಮ್ಮ ಸೀರೆ ಎತ್ತಿ ಕಟ್ಟಿ ಬಗ್ಗಿ ಬಗ್ಗಿ ಹುಡುಕಿದರು. ಸಾಲಿಗ್ರಾಮ ಹುಟ್ಟುವುದು ಈ ನದಿಯಲ್ಲಿ. ನಮ್ಮ ಮಠಗಳಲ್ಲಿ, ಮನೆ ಮನೆಯ ದೇವರ ಪೆಟ್ಟಿಗೆಯಲ್ಲಿ ಇರುವ ಕಪ್ಪು ಕಲ್ಲುಗಳ ತವರು ಇದೇ, ಅದೇ ಹೆಸರಿನ ಊರೇ ನಮ್ಮ ಹತ್ತಿರ ಇದೆ. ಅರ್ಧ ಗಂಟೆಯ ಮೇಲೆ ಒಂದು ಸಿಕ್ಕಿತು. ಅಲ್ಲೇ ಇದ್ದ ಹುಡುಗ "ಆಮಾ, ಆಮಾ" ಅಂತ ಓಡಿ ಬಂದು ತೋರಿಸಿದ. ಅಂಗೈಯಷ್ಟು ಕಲ್ಲು, ಹೊರಗೆ ನುಣ್ಣಗೆ ಕಪ್ಪು, ಒಂದು ಕಡೆ ಒಡೆದಿತ್ತು. ಒಡೆದಲ್ಲಿ ಸುರುಳಿ. ಒಳಗಿನಿಂದ ಹೊರಗೆ ಸುತ್ತಿ ಸುತ್ತಿ ಬಂದಿದೆ, ಅಡ್ಡಕ್ಕೆ ಸಣ್ಣ ಸಣ್ಣ ಏಣುಗಳು, ಉಗುರು ಆಡಿಸಿದರೆ ತಿಳಿಯುತ್ತದೆ. ಅಮ್ಮ ಚಕ್ರ ಅಂದರು. ಅದು ಚಕ್ರವೂ ಹೌದು, ಚಿಪ್ಪೂ ಹೌದು. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಸಮುದ್ರವಿತ್ತು, ಅದರಲ್ಲಿದ್ದ ಜೀವಿಯ ಚಿಪ್ಪು ಅದು. ನಮ್ಮ ಭೂಖಂಡ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಾಗ ಆ ಸಮುದ್ರದ ತಳವೂ ಮೇಲೆ ಬಂತು. ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವಾಗ. ಅದೇ ಭೂಖಂಡದ ಪಯಣದ ಎರಡು ಗುರುತುಗಳು ಇವು. ಮಲ್ಪೆಯ ಮರಳಲ್ಲಿ ಚಿಪ್ಪು ಹೆಕ್ಕಿ ಬೆಳೆದ ನನಗೆ ಸಮುದ್ರದಿಂದ ಅಷ್ಟು ಮೇಲೆ, ಸುತ್ತ ಹಿಮದ ಬೆಟ್ಟಗಳ ನಡುವೆ ಮತ್ತೊಂದು ಚಿಪ್ಪು ಕೈಗೆ ಬಂದಾಗ ಏನಾಯಿತು ಅಂತ ಹೇಳಲು ಮಾತು ಸಾಲದು. ಬೆಂಟೋಟದಲ್ಲಿ ಕಾಣದ ಸಮುದ್ರ ನಮಗೆ ಅಲ್ಲಿ ಕಂಡಿತು.

ಮುಕ್ತಿನಾಥ 3,700 ಮೀಟರಿಗಿಂತ ಮೇಲಿದೆ, ಹೆಚ್ಚುಕಡಿಮೆ ನಮ್ಮ ಕುದುರೆಮುಖದ ಎರಡರಷ್ಟು. ಕರಾವಳಿಯಿಂದ ಹೋದವರಿಗೆ ಉಸಿರು ಸಾಲುವುದಿಲ್ಲ. ಒಂದು ರಾತ್ರಿ ಕೆಳಗೆ ಉಳಿದು, ನಿಧಾನ ಹತ್ತಬೇಕು. ಹಿಂದೂಗಳಿಗೂ ಬೌದ್ಧರಿಗೂ ಒಂದೇ ಕ್ಷೇತ್ರ. ಗುಡಿಯ ಹಿಂದೆ ಅರ್ಧಚಂದ್ರದ ಹಾಗೆ 108 ನೀರಿನ ಧಾರೆ, ತಲೆಗೆ ಬಿದ್ದರೆ ನೆತ್ತಿ ಮರಗಟ್ಟುತ್ತದೆ. ಅಮ್ಮ ಎಲ್ಲದರಲ್ಲೂ ಕೈ ನೀಡಿ ಪ್ರೋಕ್ಷಣೆ ಮಾಡಿಕೊಂಡರು, ನಾನು ಅಷ್ಟನ್ನೂ ಓಡಿ ದಾಟಿದೆ. ಹೃದಯದ ತೊಂದರೆ, ದಮ್ಮು ಇದ್ದವರು ಡಾಕ್ಟರನ್ನು ಕೇಳದೆ ಹೋಗಬೇಡಿ.

ಭೂತಾನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಚೆಂದ ಇಲ್ಲ ಅಂತಲ್ಲ, ಅಲ್ಲಿ ನೋಡುವುದಕ್ಕಿಂತ ಸುಮ್ಮನೆ ಇರುವುದೇ ಜಾಸ್ತಿ. ಬಾಗ್ಡೋಗ್ರಾದಲ್ಲಿ ಇಳಿದು ನಾಲ್ಕೈದು ಗಂಟೆ ರಸ್ತೆಯಲ್ಲಿ ಜೈಗಾಂವ್, ಅಲ್ಲಿ ಗೇಟು ದಾಟಿದರೆ ಫುಂಟ್‌ಶೋಲಿಂಗ್. ಈ ಕಡೆ ಗದ್ದಲ, ಆ ಕಡೆ ಹಾರನ್ ಸದ್ದೇ ಇಲ್ಲ. ದೇಶದ 60% ಭಾಗ ಎಂದಿಗೂ ಕಾಡಾಗಿಯೇ ಇರಬೇಕು ಅಂತ ಅವರ ಸಂವಿಧಾನದಲ್ಲೇ ಬರೆದಿದೆ, ಕಣ್ಣಿಗೂ ಹಾಗೇ ಕಾಣುತ್ತದೆ. ಪಶ್ಚಿಮ ಘಟ್ಟದ ಬುಡದಲ್ಲಿ ಇರುವ ನಮಗೆ ಅದು ಹೊಟ್ಟೆಕಿಚ್ಚು ಬರಿಸುವ ಸಂಗತಿ. ಪಾರೋದ ಹುಲಿಗೂಡು ಮಠ 3,120 ಮೀಟರ್ ಎತ್ತರದಲ್ಲಿ ಬಂಡೆಗೆ ಅಂಟಿಕೊಂಡಿದೆ. ಅರ್ಧ ದಾರಿಯ ಚಹಾದ ಜಾಗದಲ್ಲಿ ಅಮ್ಮ ಕೂತರು, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಖರ್ಚು ಮಾತ್ರ ಲೆಕ್ಕ ಹಾಕಿ. ಭಾರತೀಯರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಸರ್ಕಾರದ ಶುಲ್ಕ. ಮೂವರು ಐದು ರಾತ್ರಿ ಇದ್ದರೆ ಹೋಟೆಲು, ಊಟ, ಕಾರು ಬಿಟ್ಟು 18,000. ಊಟ ಎಂದರೆ ಮೆಣಸಿನಕಾಯಿ ಮತ್ತು ಚೀಸಿನ ಎಮಾ ದಾಟ್ಶಿ. ಅಲ್ಲಿ ಮೆಣಸಿನಕಾಯಿ ಮಸಾಲೆಯಲ್ಲ, ತರಕಾರಿ. ಮೂರನೇ ದಿನ ಅಮ್ಮನಿಗೆ ಗಂಜಿ, ಉಪ್ಪಿನಕಾಯಿ ಬೇಕಾಯಿತು.

ಯಾವಾಗ ಹೋಗುವುದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ದಸರಾ ರಜೆಯಲ್ಲಾದರೆ ನೇಪಾಳ, ಆಗ ಬೆಟ್ಟ ತಿಳಿಯಾಗಿ ಕಾಣುತ್ತದೆ. ಅವರಿಗೂ ಆಗ ದಶೈಂ ಹಬ್ಬ, ಬಸ್ಸು ತುಂಬಿರುತ್ತದೆ, ಟಿಕೆಟ್ ಬೇಗ ಮಾಡಿ. ಡಿಸೆಂಬರ್, ಜನವರಿಯಲ್ಲಾದರೆ ಶ್ರೀಲಂಕಾದ ದಕ್ಷಿಣ, ಪಶ್ಚಿಮ ಭಾಗ. ನಮ್ಮಲ್ಲಿ ಮಳೆ ಸುರಿಯುವಾಗ ಅಲ್ಲೂ ಆ ಕಡೆ ಮಳೆಯೇ. ಸಣ್ಣ ಮಕ್ಕಳಿದ್ದರೆ, ಮಂಡಿ ನೋವಿನವರಿದ್ದರೆ ಶ್ರೀಲಂಕಾವೇ ಸುಲಭ. ನೇಪಾಳ, ಭೂತಾನಕ್ಕೆ ಪಾಸ್‌ಪೋರ್ಟ್ ಇಲ್ಲದಿದ್ದರೂ ಚುನಾವಣಾ ಗುರುತಿನ ಚೀಟಿ ನಡೆಯುತ್ತದೆ, ಆಧಾರ್ ಒಂದನ್ನೇ ನಂಬಿ ಹೋಗಬೇಡಿ. ನೇಪಾಳದಲ್ಲಿ ನಮ್ಮ 100 ರೂಪಾಯಿಗೆ ಅವರ 160, ಲೆಕ್ಕ ಸುಲಭ. ವಾಚನ್ನು ಹದಿನೈದು ನಿಮಿಷ ಮುಂದಿಡಿ.

ಪಕ್ಕದ ಮನೆಯವರು ಇದನ್ನೆಲ್ಲ ಕೇಳಿ ಅಕ್ಟೋಬರಿಗೆ ಕಾಠ್ಮಂಡು ಟಿಕೆಟ್ ಮಾಡಿದ್ದಾರೆ. ಅಮ್ಮ ನಿನ್ನೆ ಕಪಾಟಿನಿಂದ ತಮ್ಮ ಉಣ್ಣೆ ಟೋಪಿ ತೆಗೆದು, ಬಿಸಿಲಿಗೆ ಹಾಕಿ, ಅವರಿಗೆ ಕೊಟ್ಟು ಬಂದರು.