ಪೆಡಾಟ್, ನ್ಯಾನೊಟ್ಯೂಬ್, ಮ್ಯಾಕ್ಸೀನ್: ವಾಹಕ ಜೆಲ್ ಮುದ್ರಿಸಲು ಯಾವುದು?

ಜೀವಕೋಶಗಳನ್ನು ಬೆರೆಸಿ 3ಡಿ ಪ್ರಿಂಟರಿನಲ್ಲಿ ಮುದ್ರಿಸುವ ಜೆಲ್‌ಮಾಗೆ, ಅಂದರೆ ಬೆಳಕಿಗೆ ಗಟ್ಟಿಯಾಗಲೆಂದು ಮೆಥಾಕ್ರಿಲೇಟ್ ಗುಂಪು ಜೋಡಿಸಿದ ಜೆಲಟಿನ್‌ಗೆ, ವಿದ್ಯುತ್ ವಾಹಕ ಗುಣ ಬರಲು ಏನು ಬೆರೆಸಬೇಕೆಂದು ಯಾರೇ ಕೇಳಲಿ, ನನ್ನ ಉತ್ತರ ಪೆಡಾಟ್-ಪಿಎಸ್‌ಎಸ್: ಪೆಡಾಟ್ ಎಂಬ ವಾಹಕ ಪಾಲಿಮರ್, ಜೊತೆಗೆ ಅದನ್ನು ನೀರಿನಲ್ಲಿ ಹರಡಿಡುವ ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರ್. ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ನಳಿಕೆಗಳು) ಮತ್ತು ಮ್ಯಾಕ್ಸೀನ್ (ಟೈಟಾನಿಯಂ ಕಾರ್ಬೈಡಿನಂಥ ವಾಹಕ ವಸ್ತುವಿನ ಅತಿತೆಳು ಹಾಳೆಗಳು) ಎರಡನ್ನೂ ಅದೇ ಪ್ರಿಂಟರಿನಲ್ಲಿ, ಅದೇ ಸೂಜಿಯಲ್ಲಿ ಮುದ್ರಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ವಾಹಕತೆಯ ಕೋಷ್ಟಕಗಳು ಎಲ್ಲೆಡೆ ಸಿಗುತ್ತವೆ, ಅವನ್ನು ಬಿಟ್ಟುಬಿಡುತ್ತೇನೆ.

ನಾವು ಹಣ ಸುರಿದದ್ದು ನ್ಯಾನೊಟ್ಯೂಬಿಗೆ. ಪುಡಿ ತಂದು ಗಂಟು ಬಿಡಿಸುವ ರಗಳೆ ಬೇಡವೆಂದು, ನೀರಿನಲ್ಲಿ ಹರಡಿದ ಸಿದ್ಧ ದ್ರಾವಣವನ್ನೇ ತರಿಸಿದೆವು. ಹರಡಿಸಲು ಬಳಸಿದ ಸಾಬೂನಿನಂಥ ರಾಸಾಯನಿಕ ಕೋಶಗಳ ಪೊರೆಯನ್ನೇ ಕರಗಿಸಬಲ್ಲದ್ದು, ಅದನ್ನು ಡಯಾಲಿಸಿಸ್ ಮಾಡಿ, ಅಂದರೆ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಸೋಸಿ, ತೆಗೆಯಬೇಕು. ಅದಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೆಳಕಿನ ಕಾಟ.

ಜೆಲ್‌ಮಾ ಎರಡು ಬಾರಿ ಗಟ್ಟಿಯಾಗುತ್ತದೆ. ತಂಪಿಗೆ ಜೆಲಟಿನ್‌ನಂತೆ ಹೆಪ್ಪುಗಟ್ಟುವುದು ತಾತ್ಕಾಲಿಕ. ಬೆಳಕಿಗೆ ಬೆಸುಗೆ ಶುರುಮಾಡುವ ಎಲ್‌ಎಪಿ ಎಂಬ ರಾಸಾಯನಿಕ ಬೆರೆಸಿದ ಜೆಲ್ ಮೇಲೆ 405 ನ್ಯಾನೊಮೀಟರ್‌ನ ನೇರಳೆ ಬೆಳಕು ಬಿದ್ದಾಗ ಸರಪಳಿಗಳು ಬೆಸೆದುಕೊಳ್ಳುತ್ತವಲ್ಲ, ಅದು ಶಾಶ್ವತ. ನ್ಯಾನೊಟ್ಯೂಬ್ ಕಡುಗಪ್ಪು, ಅತಿನೇರಳೆಯಿಂದ ಅವಗೆಂಪಿನವರೆಗೆ ಬಂದ ಬೆಳಕನ್ನೆಲ್ಲ ನುಂಗುತ್ತದೆ. ಮೇಲಿನ ಪದರವೇ ಎಲ್ಲವನ್ನೂ ಹೀರಿಕೊಂಡರೆ ಕೆಳಗಿನದಕ್ಕೆ ಏನು ಉಳಿಯುತ್ತದೆ?

ಇದು ಮುದ್ರಿಸುವಾಗ ಗೊತ್ತಾಗುವುದೇ ಇಲ್ಲ. ತಂಪಿನ ಹೆಪ್ಪು ಎಲ್ಲವನ್ನೂ ಮುಚ್ಚಿಡುತ್ತದೆ: ಜಾಲರಿ ಚೊಕ್ಕವಾಗಿರುತ್ತದೆ, ಚಿಮಟದಲ್ಲಿ ಎತ್ತಿದರೂ ಆಕಾರ ಕೆಡುವುದಿಲ್ಲ. 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಹೋದ ಮೇಲೆ ಹೆಪ್ಪು ಕರಗುತ್ತದೆ. ಮರುದಿನ ಬೆಳಿಗ್ಗೆ ತಟ್ಟೆ ತೆಗೆದರೆ ಮೀಡಿಯಂ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ಬೂದುಬಣ್ಣಕ್ಕೆ ತಿರುಗಿರುತ್ತದೆ, ಎಳೆಗಳು ಒಳಗಿನ ತಿರುಳು ಸೋರಿಹೋದ ಚಪ್ಪಟೆ ಸಿಪ್ಪೆಗಳಾಗಿರುತ್ತವೆ. ತಿರುಳಿನ ಜೊತೆಗೆ ಕೋಶಗಳೂ ಹೊರಟುಹೋಗಿರುತ್ತವೆ.

ಪರಿಹಾರಗಳಿಲ್ಲವೆಂದಲ್ಲ, ಒಂದೊಂದೂ ಹೊಸ ತಲೆನೋವು ತರುತ್ತದೆ. ಹೆಚ್ಚು ಹೊತ್ತು ಬೆಳಕು ಕೊಟ್ಟರೆ ಮುಕ್ತ ರಾಡಿಕಲ್‌ಗಳು ಕೋಶಗಳನ್ನು ಕಾಡುತ್ತವೆ, ಮೇಲ್ಪದರ ಬಿರುಸಾಗುತ್ತದೆ. ಪದರ ಹಾಕಿದಂತೆಲ್ಲ ಬೆಳಕು ಹಾಯಿಸಿದರೆ ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಮೇಲಾಗಿ ಚೆದುರಿದ ಬೆಳಕು ಸೂಜಿಯ ತುದಿಯಲ್ಲಿರುವ ಜೆಲ್ಲನ್ನೇ ಗಟ್ಟಿಮಾಡಿ ದಾರಿ ಮುಚ್ಚುತ್ತದೆ. ನ್ಯಾನೊಟ್ಯೂಬಿನ ಪ್ರಮಾಣ ಇಳಿಸಿದರೆ ಬೆಳಕು ಒಳಹೋಗುತ್ತದೆ, ಆದರೆ ನಳಿಕೆಗಳು ಒಂದಕ್ಕೊಂದು ತಾಗದೆ ವಿದ್ಯುತ್ತಿನ ದಾರಿಯೇ ತುಂಡಾಗುತ್ತದೆ. ವಿದ್ಯುತ್ ಹರಿಯಲು ಬೇಕಾದಷ್ಟು ಹಾಕಿದರೆ ಬೆಳಕಿಲ್ಲ, ಬೆಳಕಿಗೆಂದು ಇಳಿಸಿದರೆ ವಿದ್ಯುತ್ತಿಲ್ಲ.

ಪೆಡಾಟ್ ನನಗೆ ಹಿಡಿಸಿದ್ದು ಇಲ್ಲಿಯೇ. ವಾಹಕ ಸ್ಥಿತಿಯಲ್ಲಿ ಅದು ಹೆಚ್ಚಾಗಿ ಹೀರುವುದು ಅವಗೆಂಪಿನ ಕಡೆಯ ಬೆಳಕನ್ನು. ಎಳೆ ತಿಳಿನೀಲಿಯಾಗಿ ಕಾಣುತ್ತದೆ, 405 ನ್ಯಾನೊಮೀಟರ್ ಬೆಳಕು ತಳದವರೆಗೂ ಇಳಿಯುತ್ತದೆ.

ಹಾಗೆಂದು ಪೆಡಾಟ್ ಸಾಧುವೇನಲ್ಲ. ಸೀಸೆಯಿಂದ ಬರುವಾಗ ಚೆನ್ನಾಗಿಯೇ ಆಮ್ಲೀಯವಾಗಿರುತ್ತದೆ. ಹಾಗೆಯೇ ಸುರಿದರೆ ಧನ ಆವೇಶ ಪಡೆದ ಜೆಲಟಿನ್, ಋಣ ಆವೇಶದ ಪಿಎಸ್‌ಎಸ್‌ಗೆ ಅಂಟಿಕೊಂಡು ನೀಲಿ ಗಂಟುಗಳಾಗುತ್ತವೆ. ಸೋಡಿಯಂ ಹೈಡ್ರಾಕ್ಸೈಡಿನ ತೆಳು ದ್ರಾವಣವನ್ನು ಹನಿಹನಿಯಾಗಿ ಹಾಕಿ ಮೊದಲು ತಟಸ್ಥಗೊಳಿಸಿಕೊಳ್ಳಬೇಕು. ವಾಹಕತೆ ತುಸು ಇಳಿದರೆ ಇಳಿಯಲಿ. ಉಪ್ಪಿನಂಶದ ಮೀಡಿಯಂ ಸೇರಿದರೆ ಸಿರಿಂಜಿನೊಳಗೇ ಗಟ್ಟಿಯಾಗುವ ಸ್ವಭಾವವೂ ಇದೆ. ಅದಕ್ಕೇ ಕೋಶಗಳನ್ನು ಸುಕ್ರೋಸ್ ದ್ರಾವಣದಲ್ಲಿ ಬೆರೆಸುತ್ತೇನೆ. ಮುದ್ರಣ ಮುಗಿದ ಮೇಲೆ ಈ ಸ್ವಭಾವವೇ ಉಪಕಾರಕ್ಕೆ ಬರುತ್ತದೆ: ಕ್ಯಾಲ್ಸಿಯಂ ದ್ರಾವಣದಲ್ಲಿ ಅದ್ದಿದರೆ ಎಳೆ ಇನ್ನಷ್ಟು ಬಿಗಿಯಾಗುತ್ತದೆ.

2011ರಲ್ಲಿ ಬೆಳಕಿಗೆ ಬಂದ ಮ್ಯಾಕ್ಸೀನ್ ನೀರಿನಲ್ಲಿ ಸೊಗಸಾಗಿ ಬೆರೆಯುತ್ತದೆ, ವಾಹಕತೆಯಲ್ಲೂ ಮುಂದು. ಆದರೆ ಅದೇ ನೀರಿನಲ್ಲಿ ನಿಧಾನವಾಗಿ ಆಕ್ಸಿಡೀಕರಣಗೊಂಡು ಟೈಟಾನಿಯಂ ಡೈಆಕ್ಸೈಡ್ ಆಗಿಬಿಡುತ್ತದೆ. ಆರ್ಗಾನ್ ತುಂಬಿ ತಣ್ಣಗಿಟ್ಟು ಕಾಯುವ ಶಿಸ್ತು ನನ್ನದಲ್ಲ. ಉಳಿದ ಜೆಲ್ಲನ್ನು ಮುಂದಿನ ವಾರಕ್ಕೆ ಎತ್ತಿಡುವ ಜಾತಿ ನಾನು. ಫೆರಿಕ್ ಕ್ಲೋರೈಡ್ ಹಾಕಿ ಜೆಲ್ಲಿನೊಳಗೇ ಬೆಳೆಸುವ ಪಾಲಿಪಿರೋಲ್ ಎಂಬ ಇನ್ನೊಂದು ವಾಹಕ ಪಾಲಿಮರ್ ಬಗ್ಗೆ ಒಂದೇ ಮಾತು: ಉಳಿಕೆ ಕಬ್ಬಿಣ ತೊಳೆಯುವುದರಲ್ಲೇ ದಿನ ಕಳೆಯುತ್ತದೆ.

ಅಳೆಯುವಾಗ ಎಚ್ಚರ ಬೇಕು. ಕೋಶಗಳ ಮೀಡಿಯಂ ತಾನೇ ಮೀಟರಿಗೆ ಸುಮಾರು 1.5 ಸೀಮನ್ಸ್ ವಾಹಕತೆ ತೋರಿಸುತ್ತದೆ. ಒದ್ದೆ ಜೆಲ್ಲಿಗೆ ಮಲ್ಟಿಮೀಟರ್ ಹಚ್ಚಿ ಬೀಗಿದರೆ ಅಳೆದದ್ದು ಉಪ್ಪನ್ನೇ. ಏನೂ ಬೆರೆಸದ ಜೆಲ್‌ಮಾವನ್ನು ಅದೇ ಮೀಡಿಯಂನಲ್ಲಿಟ್ಟು, ಕಡಿಮೆ ಆವರ್ತನದ ಇಂಪಿಡೆನ್ಸ್ (ಪರ್ಯಾಯ ವಿದ್ಯುತ್ತಿಗೆ ಒಡ್ಡುವ ತಡೆ) ಹೋಲಿಸಿ ನೋಡಿ.

ಗಾಳಿಯ ಒತ್ತಡದಿಂದ ನಡೆಯುವ ಸಾಧಾರಣ ಪ್ರಿಂಟರ್, ಒಂದೇ ದೀಪ, ಬೆಳಿಗ್ಗೆ ಕಲಸಿ ಸಂಜೆಗೆ ಮುದ್ರಿಸುವ ಅಭ್ಯಾಸ, ಬಿಗಿ ಬಜೆಟ್: ಇಷ್ಟಕ್ಕೆ ಪೆಡಾಟ್ ಸಾಕು. ಮಿಕ್ಕ ನ್ಯಾನೊಟ್ಯೂಬ್ ದ್ರಾವಣವನ್ನು ಅಚ್ಚಿನಲ್ಲಿ ತೆಳುಪೊರೆ ಎರೆಯುವ ಸಹೋದ್ಯೋಗಿಗೆ ಕೊಟ್ಟಿದ್ದೇನೆ. ಅಷ್ಟು ತೆಳುವಾದರೆ ಬೆಳಕು ಹಾಯುತ್ತದೆ, ಅವರಿಗೆ ಅದರ ಮೇಲೆ ದೂರೇನೂ ಇಲ್ಲ.