ಬೆಂಗಳೂರಲ್ಲಿ ಲೀಸ್‌ಗೆ ಮನೆ ಹುಡುಕ್ತಿರೋರು ದಯವಿಟ್ಟು ಓದಿ: ಓನರ್ ಎದುರಿಗೆ ಕೂರದೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ. "ನಾವು ಓನರ್ ಪರವಾಗಿ ಮನೆ ನೋಡ್ಕೊಳ್ಳೋ ಕಂಪನಿ, ಲೀಸ್ ಅಮೌಂಟ್ ನಮ್ಮ ಅಕೌಂಟಿಗೇ ಹಾಕಿ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಆಫೀಸಲ್ಲಿ ಎಸಿ ಇರಲಿ, ಗೋಡೆ ಮೇಲೆ ಜಿಎಸ್‌ಟಿ ಸರ್ಟಿಫಿಕೇಟ್ ತೂಗುಹಾಕಿರಲಿ, ಎದ್ದು ಬನ್ನಿ. ನಮ್ಮ 14 ಲಕ್ಷ ಹೀಗೆ ಹೋಯ್ತು. ಇವತ್ತಿನವರೆಗೂ ಒಂದು ರೂಪಾಯಿ ವಾಪಸ್ ಬಂದಿಲ್ಲ.

ನಮ್ಮ ಯಜಮಾನ್ರು ಪೀಣ್ಯದಲ್ಲಿ ಕೆಲಸ ಮಾಡ್ತಾರೆ. ಮೆಟ್ರೋಗೆ ಹತ್ತಿರ ಆಗುತ್ತೆ ಅಂತ ನಾಗಸಂದ್ರದ ಕಡೆ ಎರಡು ಬೆಡ್‌ರೂಮಿನ ಮನೆ ನೋಡಿದ್ವಿ. ಬಾಡಿಗೆಗೆ ಹೋದರೆ ಹತ್ತು ತಿಂಗಳ ಅಡ್ವಾನ್ಸ್, ಮೇಲೆ ವರ್ಷ ವರ್ಷ ಏರಿಸ್ತಾರೆ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಮುರ್ಕೊಳ್ತಾರೆ. ಲೀಸ್ ಆದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟುಬಿಟ್ಟರೆ ತಿಂಗಳ ಬಾಡಿಗೆ ಇರಲ್ಲ, ಖಾಲಿ ಮಾಡುವಾಗ ಕೊಟ್ಟಿದ್ದು ಹಾಗೇ ವಾಪಸ್ ಬರುತ್ತೆ, ಮಗಳ ಓದಿಗಾಗುತ್ತೆ ಅನ್ನೋ ಲೆಕ್ಕ. ನನ್ನ ತವರಿನ ಒಡವೆ ಅಡ ಇಟ್ವಿ, ಅವರ ಪಿಎಫ್ ತೆಗೆದ್ವಿ, ಉಳಿದಿದ್ದು ನಮ್ಮ ಭಾವನವರು ಕೊಟ್ಟಿದ್ದು.

"ವಿಚಾರಿಸಬಾರದಿತ್ತಾ?" ಅಂತ ಈಗ ಎಲ್ಲರೂ ಕೇಳ್ತಾರೆ. ವಿಚಾರಿಸಿದ್ವಿ. ಓನರ್ ಜೊತೆ ಮಾತಾಡಬೇಕು ಅಂತ ನಾನೇ ಪಟ್ಟು ಹಿಡಿದೆ. "ಓನರ್ ದುಬೈನಲ್ಲಿದ್ದಾರೆ ಮೇಡಂ, ಪವರ್ ಆಫ್ ಅಟಾರ್ನಿ ನಮ್ಮ ಹತ್ರಾನೇ ಇದೆ" ಅಂದರು, ಅಂದರೆ ಓನರ್ ಪರವಾಗಿ ಸೈನ್ ಹಾಕೋ ಅಧಿಕಾರಪತ್ರ. ವಾಟ್ಸಾಪ್‌ನಲ್ಲಿ ಫೋನ್ ಹಚ್ಚಿ ಕೊಟ್ಟರು. ಆ ಕಡೆಯಿಂದ ಒಬ್ಬರು ಗತ್ತಾಗಿ, "ಎಲ್ಲಾ ಕಂಪನಿಯವರೇ ನೋಡ್ಕೋತಾರಮ್ಮಾ, ಮನೆ ನೀಟಾಗಿ ಇಟ್ಕೊಳ್ಳಿ" ಅಂದರು. ಛಾಪಾ ಕಾಗದ, ನೋಟರಿ ಸೀಲು, 24 ತಿಂಗಳ ಅಗ್ರಿಮೆಂಟ್ ಎಲ್ಲಾ ಆಯ್ತು. ಒಂದು ಶುಕ್ರವಾರ ಹಾಲುಕ್ಕಿಸಿ ಒಳಗೆ ಬಂದ್ವಿ, ಊರಿಂದ ಎಲ್ಲರೂ ಬಂದಿದ್ದರು.

ಮೊದಲ ಕೆಲವು ತಿಂಗಳು ಏನೂ ತೊಂದರೆ ಇಲ್ಲ. ಆಮೇಲೊಂದು ಭಾನುವಾರ ಬೆಳಗ್ಗೆ ಕಾಲಿಂಗ್ ಬೆಲ್ ಆಯ್ತು. ಅರವತ್ತು ದಾಟಿದ ಒಬ್ಬರು, ಕೈಯಲ್ಲಿ ಹೆಲ್ಮೆಟ್ಟು, ಮುಖ ಕೆಂಪಾಗಿತ್ತು.

"ಏನಮ್ಮಾ, ಮೂರು ತಿಂಗಳಿಂದ ಬಾಡಿಗೆ ಬಂದಿಲ್ಲ. ಏನಂದ್ಕೊಂಡಿದೀರಿ?"

"ಯಾವ ಬಾಡಿಗೆ ಸಾರ್? ನಾವು ಲೀಸ್‌ಗಿರೋದು."

"ಲೀಸಾ? ನನ್ನ ಮನೇನ ಲೀಸ್‌ಗೆ ಕೊಡೋಕೆ ಅವನ್ಯಾರು?"

ಅವರೇ ಓನರ್. ದುಬೈ ಅಲ್ಲ, ಮಲ್ಲೇಶ್ವರ. ಸ್ಕೂಟರಲ್ಲಿ ಬಂದಿದ್ದರು. ಅವರ ದನಿ ಕೇಳಿದ ಕೂಡಲೇ ಗೊತ್ತಾಯ್ತು, ಅವತ್ತು ಫೋನಲ್ಲಿ ನನ್ನ ಹತ್ರ ಮಾತಾಡಿದ್ದು ಇವರಲ್ಲ. ಕಾಲಲ್ಲಿ ಶಕ್ತಿಯೇ ಇಲ್ಲದಂಗಾಯ್ತು. ಎದುರು ಮನೆಯವರು ಬಾಗಿಲು ತೆಗೆದು ನೋಡ್ತಾ ನಿಂತಿದ್ದರು. ಬಾಡಿಗೆ ಕೊಡದೆ ಕೂತಿರೋರು ಅನ್ನಿಸಿಕೊಂಡು, 14 ಲಕ್ಷ ಕೊಟ್ಟವಳು ನಾನು ಅಲ್ಲಿ ತಲೆ ತಗ್ಗಿಸಿ ನಿಂತೆ.

ಅವರ ಹತ್ರ ಇದ್ದ ಅಗ್ರಿಮೆಂಟ್ ಬೇರೆ. ಅದರಲ್ಲಿ ಕಂಪನಿ ಅವರಿಗೆ ತಿಂಗಳಿಗೆ 19,000 ಬಾಡಿಗೆ ಕೊಡಬೇಕು ಅಂತಿದೆ. ಲೀಸ್ ಅನ್ನೋ ಪದವೇ ಇಲ್ಲ. ಪವರ್ ಆಫ್ ಅಟಾರ್ನಿನೂ ಕೊಟ್ಟಿಲ್ಲ. ಆಟ ಅರ್ಥ ಆಯ್ತಲ್ಲ? ನಮ್ಮಿಂದ 14 ಲಕ್ಷ ಒಂದೇ ಸಲ ತಗೊಳ್ಳೋದು, ಅದರಲ್ಲೇ ಓನರ್‌ಗೆ ತಿಂಗಳು ತಿಂಗಳು ಬಾಡಿಗೆ ಹಾಕೋದು. ವರ್ಷವಿಡೀ ಹಾಕಿದರೂ 2,28,000. ಉಳಿದಿದ್ದೆಲ್ಲಾ ಅವರ ಕೈಯಲ್ಲಿ. ಹೊಸಬರು ಸಿಗ್ತಾ ಇರೋವರೆಗೂ ಬಂಡಿ ಓಡುತ್ತೆ, ಆಮೇಲೆ ಬಾಡಿಗೆ ನಿಲ್ಲಿಸ್ತಾರೆ. ಆಗ ಓನರ್ ನಮ್ಮ ಮೇಲೆ, ನಾವು ಓನರ್ ಮೇಲೆ. ಅವರು ಮಧ್ಯದಿಂದ ಮಾಯ.

ಕಂಪನಿಯವರ ಉತ್ತರಗಳನ್ನ ನೆನೆಸ್ಕೊಂಡರೆ ಈಗಲೂ ಮೈ ಉರಿಯುತ್ತೆ. ಮೊದಲು, "ಸಾಫ್ಟ್‌ವೇರ್ ಅಪ್‌ಡೇಟ್ ಆಗ್ತಿದೆ ಮೇಡಂ, ಎಲ್ಲಾ ಓನರ್‌ಗಳ ಪೇಮೆಂಟೂ ನಿಂತಿದೆ." ಆಮೇಲೆ, "ಸಾರ್ ಮೀಟಿಂಗಲ್ಲಿದ್ದಾರೆ." ಯಾವಾಗ ಹೋದರೂ ಸಾರ್ ಮೀಟಿಂಗಲ್ಲಿ! ಅಲ್ಲೇ ಕೂತು ಜೋರು ಮಾಡಿದ ದಿನ ರಿಸೆಪ್ಷನ್ ಹುಡುಗ ನಗ್ತಾ ಅಂದ: "ನಿಮ್ಮೊಬ್ಬರದೇ ಅಲ್ಲ ಮೇಡಂ, ತುಂಬಾ ಜನದ್ದು ಪೆಂಡಿಂಗ್ ಇದೆ, ಅವರೆಲ್ಲಾ ಸುಮ್ನಿಲ್ವಾ?" ಸಮಾಧಾನ ಮಾಡೋ ಥರ ಹೇಳಿದ. ಪೊಲೀಸ್‌ಗೆ ಹೋಗ್ತೀನಿ ಅಂದಿದ್ದಕ್ಕೆ ಮ್ಯಾನೇಜರ್, "ಹೋಗಿ, ಆಮೇಲೆ ನಿಮ್ಮ ದುಡ್ಡು ಕೋರ್ಟಲ್ಲಿ ಸಿಕ್ಕಾಕ್ಕೊಳ್ಳುತ್ತೆ, ನನ್ನನ್ನ ಕೇಳಬೇಡಿ" ಅಂದ. ನಮ್ಮ ದುಡ್ಡು ತಿಂದು ನಮಗೇ ಹೆದರಿಸೋದು.

ಕೊನೆಗೆ 5 ಲಕ್ಷಕ್ಕೆ ಒಂದು ಚೆಕ್ ಕೊಟ್ಟರು. "ನಾವು ಹೇಳಿದಾಗ ಮಾತ್ರ ಹಾಕಿ, ಇಲ್ಲದಿದ್ರೆ ಬೌನ್ಸ್ ಆಗುತ್ತೆ" ಅಂತ. ಮುಂದಿನ ವಾರ, ಹಬ್ಬ ಆಗಲಿ, ತಿಂಗಳ ಕೊನೆಗೆ ಅಂತ ತಳ್ತಾ ಹೋದರು. ಯಾಕೆ ಗೊತ್ತಾ? ಚೆಕ್ಕಿನ ಆಯಸ್ಸು ಮೂರೇ ತಿಂಗಳು. ಅದು ಮುಗಿದರೆ ಬರೀ ಕಾಗದ. ಭಾವನವರು ತಾರೀಖು ನೋಡಿ ಗದರಿದ ಮೇಲೆ ಯಾರನ್ನೂ ಕೇಳದೆ ಬ್ಯಾಂಕಿಗೆ ಹಾಕಿದ್ವಿ. ಬೌನ್ಸ್ ಆಯ್ತು. ಆಗಲಿ, ಈಗ ಕೈಯಲ್ಲಿ ಬ್ಯಾಂಕಿನ ಮೆಮೊ ಇದೆ. ಅದು ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅವರಿಗೆ ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಲ್ಲಿ 138 ಕೇಸ್, ಅಂದರೆ ಚೆಕ್ ಬೌನ್ಸ್ ಕೇಸ್ ಹಾಕಬೇಕು. ನಿಮ್ಮ ಕೈಯಲ್ಲೂ ಇಂಥ ಚೆಕ್ ಇದ್ದರೆ ಅವರು ಹೇಳೋವರೆಗೆ ಕಾಯಬೇಡಿ. ಮೊದಲು ತಾರೀಖು ನೋಡಿ.

ಠಾಣೆಯಲ್ಲಿ, "ಇದು ಸಿವಿಲ್ ಮ್ಯಾಟರ್, ಅಗ್ರಿಮೆಂಟ್ ಇದೆಯಲ್ಲಾ, ಲಾಯರ್ ನೋಡ್ಕೊಳ್ಳಿ" ಅಂದು ಕಳಿಸಿದರು. ಓನರ್ ಅಂತ ಬೇರೆ ಯಾರನ್ನೋ ಫೋನಲ್ಲಿ ಮಾತಾಡಿಸಿದ್ದು ಸಿವಿಲ್ ಹೇಗಾಗುತ್ತೆ? ಮೋಸ ಅಲ್ವಾ ಅದು? ವಕೀಲರು ಹೇಳಿದ ಮೇಲೆ ಗೊತ್ತಾಯ್ತು: ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318 ವಂಚನೆ ಸೆಕ್ಷನ್, ಠಾಣೆಯವರು ಎಫ್‌ಐಆರ್ ಹಾಕದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4) ಪ್ರಕಾರ ದೂರನ್ನ ಬರವಣಿಗೆಯಲ್ಲಿ ಡಿಸಿಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಇದೇ ಕಂಪನಿಯಿಂದ ಮೋಸ ಹೋದ ಬೇರೆ ಮನೆಯವರೂ ಸಿಕ್ಕಿದ್ದಾರೆ, ಈಗ ಒಟ್ಟಿಗೆ ಹೋಗ್ತಿದ್ದೀವಿ. ಒಬ್ಬೊಬ್ಬರೇ ಹೋದರೆ ಕೂರಿಸೋರೂ ಇಲ್ಲ. ವಕೀಲರ ಫೀಸಿಗೆ ಹೆದರಬೇಡಿ, ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕೊಡ್ತಾರೆ.

ಲೀಸ್ ಹಾಕ್ಕೊಳ್ಳೋದೇ ಆದರೆ ಓನರ್ ಎದುರಿಗೇ ಕೂತು ಸೈನ್ ಹಾಕಲಿ, ದುಡ್ಡು ಅವರ ಅಕೌಂಟಿಗೇ ಹೋಗಲಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸೋ ಪ್ರಮಾಣಪತ್ರ) ತೆಗೆಸಿ, ಬ್ಯಾಂಕ್ ಸಾಲ ಇದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತೆ. ಕಂದಾಯ ಕಟ್ಟಿದ ರಸೀದಿಲಿ ಇರೋ ಹೆಸರು, ಓನರ್ ಆಧಾರ್‌ನಲ್ಲಿರೋ ಹೆಸರು ಎರಡೂ ಹೋಲಿಸಿ ನೋಡಿ. ಒಂದು ವರ್ಷ ಮೀರಿದ ಲೀಸ್ ಆದರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಲೇಬೇಕು, ನೋಟರಿ ಸೀಲು ಸಾಲದು. "ರಿಜಿಸ್ಟ್ರೇಷನ್ ಖರ್ಚು ಯಾಕೆ ಮೇಡಂ ಸುಮ್ನೆ" ಅಂದರೆ ಅಲ್ಲಿಗೇ ಬಿಡಿ. ನಮಗೂ ಹಾಗೇ ಅಂದಿದ್ದರು.

ಓನರ್ ಮೇಲೆ ನನಗೆ ಸಿಟ್ಟಿಲ್ಲ ಅಂತಲ್ಲ. ಯಾರನ್ನ ಇಟ್ಟಿದ್ದಾರೆ ಅಂತ ಒಂದು ಸಲ ಬಂದು ನೋಡಿದ್ದರೆ ಅವತ್ತೇ ಬಯಲಾಗ್ತಿತ್ತು. ಆದರೂ ಈಗ ಅವರೂ ನಮ್ಮ ಜೊತೆ ದೂರು ಕೊಟ್ಟಿದ್ದಾರೆ. ಮುಂದಿನ ತಿಂಗಳಿಂದ ಬಾಡಿಗೆ ಕೊಡಿ, ಇಲ್ಲ ಖಾಲಿ ಮಾಡಿ ಅಂದಿದ್ದಾರೆ. ಒಡವೆ ಬಡ್ಡಿ ಒಂದು ಕಡೆ, ಈಗ ಬಾಡಿಗೆ ಇನ್ನೊಂದು ಕಡೆ. ಊರಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ, ಹೇಳೋಕೆ ಬಾಯೇ ಬರ್ತಿಲ್ಲ.

ಇನ್ನೊಂದು. ನಾವು ಇರೋ ಮನೆಯದೇ ಫೋಟೋಗಳನ್ನ ಹಾಕಿ "ಲೀಸ್‌ಗೆ ಇದೆ, 15 ಲಕ್ಷ, ಓನರ್ ಅಬ್ರಾಡ್" ಅಂತ ಜಾಹೀರಾತು ಈಗಲೂ ಓಡ್ತಿದೆ, ಹೊಸ ಫೋನ್ ನಂಬರ್ ಜೊತೆ. ನಾಗಸಂದ್ರ ಮೆಟ್ರೋ ಹತ್ತಿರ, ಎರಡನೇ ಮಹಡಿ, ಅಡುಗೆಮನೆಯಲ್ಲಿ ಹಸಿರು ಟೈಲ್ಸ್. ಅದನ್ನ ನೋಡಿದವರು ಟೋಕನ್ ಅಡ್ವಾನ್ಸ್ ಅಂತ ಸಾವಿರ ರೂಪಾಯಿನೂ ಹಾಕಬೇಡಿ. ಆ ಮನೆ ಖಾಲಿ ಇಲ್ಲ.